ಡೀಸೆಲ್ ಟ್ಯಾಂಕಿಗೆ ನೀರು ಬಂದದ್ದೆಲ್ಲಿಂದ?

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಆ 61 ದಿನ ಮಲ್ಪೆ, ಮಂಗಳೂರು ದಕ್ಕೆ, ಗಂಗೊಳ್ಳಿ, ಹೊನ್ನಾವರ, ಕಾರವಾರದ ಬಂದರುಗಳಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ಮಳೆಗೆ ನೆನೆಯುತ್ತ ನಿಂತಿರುತ್ತವೆ. ಬಲೆ ಸರಿಪಡಿಸುವುದು, ಬಣ್ಣ ಬಳಿಯುವುದು, ಎಂಜಿನ್ ಬಿಚ್ಚಿ ಜೋಡಿಸುವುದು ಎಲ್ಲವೂ ಈ ಎರಡು ತಿಂಗಳಲ್ಲೇ ಮುಗಿಯಬೇಕು. ಆಗಸ್ಟ್ ಬಂತೆಂದರೆ ಐಸ್ ತುಂಬಿಸಿ, ಡೀಸೆಲ್ ತುಂಬಿಸಿ, ತೆಂಗಿನಕಾಯಿ ಒಡೆದು ಹೊರಟೇಬಿಡುತ್ತಾರೆ. ಹಾಗೆ ಹೊರಟವುಗಳಲ್ಲಿ ಕೆಲವು ಬೋಟುಗಳ ಎಂಜಿನ್ ಅಳಿವೆ ಬಾಗಿಲು ದಾಟುವಷ್ಟರಲ್ಲಿ ಉಸಿರುಗಟ್ಟಿದಂತಾಗಿ ನಿಂತುಬಿಡುತ್ತದೆ. ಇನ್ನೊಂದು ಬೋಟಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ವಾಪಸು ಬರಬೇಕು. ಫಿಲ್ಟರ್ ಬಿಚ್ಚಿದರೆ ಡೀಸೆಲ್ ಜೊತೆಗೆ ನೀರು.

ಆಗ ದಕ್ಕೆಯ ಮೇಲೆ ಎರಡೇ ವಿವರಣೆ ಕೇಳಿಬರುತ್ತವೆ. ‘ಬಂಕಿನವರು ನೀರು ಹಾಕಿದ್ದಾರೆ ಮಾರಾಯ್ರೆ’ ಎಂಬುದು ಒಂದು. ‘ಮಳೆಗಾಲದ ತಂಪಿಗೆ ಟ್ಯಾಂಕು ಬೆವರಿದೆ, ಅದಕ್ಕೆ ಯಾರೇನು ಮಾಡುವುದು’ ಎಂಬುದು ಇನ್ನೊಂದು. ಎರಡರಲ್ಲೂ ಒಂದಿಷ್ಟು ಸತ್ಯ ಇದೆ. ಆದರೆ ಲೆಕ್ಕ ಹಾಕಿ ನೋಡಿದರೆ ನಮ್ಮ ಕರಾವಳಿಯ ಬೋಟುಗಳಲ್ಲಿ ದೊಡ್ಡ ಅಪರಾಧಿ ಇವೆರಡೂ ಅಲ್ಲ. ಡೆಕ್ ಮೇಲಿನ ಡೀಸೆಲ್ ತುಂಬಿಸುವ ಬಾಯಿಯ ಮುಚ್ಚಳ ಮತ್ತು ಟ್ಯಾಂಕಿನ ಏರ್ ಪೈಪು, ಇವು ಆ ಅಪರಾಧಿಗಳು.

ಎಂಜಿನ್ ಸರಿಯಾಗಿ ಅಳಿವೆ ಬಾಗಿಲಲ್ಲೇ ಯಾಕೆ ಕೈಕೊಡುತ್ತದೆ ಎಂಬುದನ್ನು ಮೊದಲು ನೋಡೋಣ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಒಂದು ಲೀಟರ್ ಮಳೆನೀರು 1,000 ಗ್ರಾಂ, ಕಡಲ ನೀರು 1,025 ಗ್ರಾಂ. ಹಾಗಾಗಿ ಟ್ಯಾಂಕಿಗೆ ಬಿದ್ದ ನೀರು ತಳ ಸೇರುತ್ತದೆ. ಎಂಜಿನ್‌ಗೆ ಡೀಸೆಲ್ ಎಳೆಯುವ ಪೈಪಿನ ತುದಿ ತಳಕ್ಕಿಂತ ಎರಡು ಮೂರು ಸೆಂಟಿಮೀಟರ್ ಮೇಲಿರುತ್ತದೆ. ಕೆಸರು ಎಳೆಯಬಾರದೆಂದೇ ಹಾಗೆ ಇಟ್ಟಿರುವುದು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ನೀರು ನಿಂತರೆ ಅದು 20 ಲೀಟರ್. ಅಷ್ಟು ನೀರು ಇದ್ದರೂ ಬಂದರಿನ ನಿಶ್ಚಲ ನೀರಿನಲ್ಲಿ ಎಂಜಿನ್ ಚಾಲೂ ಮಾಡಿ ನೋಡಿದಾಗ ಏನೂ ಗೊತ್ತಾಗುವುದಿಲ್ಲ. ಎಂಜಿನ್ ಚೆನ್ನಾಗಿಯೇ ಓಡುತ್ತದೆ, ಡ್ರೈವರ್ ತಲೆದೂಗುತ್ತಾನೆ. ನದಿ ಕಡಲಿಗೆ ಸೇರುವ ಜಾಗದಲ್ಲಿ ಮರಳ ದಿಬ್ಬದ ಮೇಲೆ ಅಲೆ ಮುರಿಯುತ್ತದಲ್ಲ, ಅಲ್ಲಿ ಬೋಟು ಮೂತಿ ಎತ್ತಿ ಇಳಿಸುವಾಗ ತಳದ ನೀರು ಹಿಂದೆ ಮುಂದೆ ನುಗ್ಗಿ ಪೈಪಿನ ಬಾಯಿಗೆ ಸಿಗುತ್ತದೆ. ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆ ಇದ್ದಷ್ಟೂ ಈ ಕುಲುಕಾಟ ಜಾಸ್ತಿ. ಎಂಜಿನ್ ಬೇಕೇಬೇಕಾದ ಜಾಗದಲ್ಲೇ ಅದು ನಿಲ್ಲುವುದಕ್ಕೆ ಗ್ರಹಚಾರ ಕಾರಣವಲ್ಲ.

ಇನ್ನು ಬೆವರಿನ ಲೆಕ್ಕ. 2,000 ಲೀಟರಿನ ಟ್ಯಾಂಕು ಅರ್ಧ ತುಂಬಿದೆ ಎಂದುಕೊಳ್ಳಿ. ಖಾಲಿ ಜಾಗದಲ್ಲಿ ಒಂದು ಘನ ಮೀಟರ್ ಗಾಳಿ ಇದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಷ್ಟು ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಹೆಚ್ಚೆಂದರೆ 30 ಗ್ರಾಂ. ಹಗಲು ಬಿಸಿಯಾದಾಗ ಗಾಳಿ ಹಿಗ್ಗಿ ಏರ್ ಪೈಪಿನಿಂದ ಹೊರಹೋಗುತ್ತದೆ, ರಾತ್ರಿ ತಂಪಾದಾಗ ಹೊರಗಿನ ಒದ್ದೆ ಗಾಳಿ ಒಳಗೆ ಬರುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಹಗಲು ರಾತ್ರಿಯ ಉಷ್ಣತೆಯ ವ್ಯತ್ಯಾಸ ಐದಾರು ಡಿಗ್ರಿ ಅಷ್ಟೇ. ಅದರಿಂದ ದಿನಕ್ಕೆ ಒಳಗೆ ಹೊರಗೆ ಆಡುವ ಗಾಳಿ ನೂರಕ್ಕೆ ಎರಡು ಪಾಲು, ಅಂದರೆ 20 ಲೀಟರ್. ಅದರಲ್ಲಿರುವ ತೇವ ಅರ್ಧ ಗ್ರಾಂಗಿಂತ ತುಸು ಹೆಚ್ಚು. ಆ ತೇವವೆಲ್ಲ ಹನಿಯಾಗಿ ಕೆಳಗಿಳಿಯಿತು ಎಂದೇ ಹಿಡಿದರೂ ಎರಡು ತಿಂಗಳಿಗೆ ಸುಮಾರು 36 ಗ್ರಾಂ, ಚಹಾ ಲೋಟದ ಕಾಲು ಭಾಗ. ಈ ಲೆಕ್ಕ ಹತ್ತು ಪಟ್ಟು ತಪ್ಪಿದರೂ ಅರ್ಧ ಲೀಟರ್ ಆಗುವುದಿಲ್ಲ. ಹಗಲು ರಾತ್ರಿಯ ವ್ಯತ್ಯಾಸ ದೊಡ್ಡದಿರುವ ಚಳಿ ದೇಶಗಳಲ್ಲಿ ಬೆವರಿನ ಪಾಲು ಹೆಚ್ಚಿರಬಹುದು. ಮಲ್ಪೆಯಲ್ಲಿ ಫಿಲ್ಟರಿನಿಂದ ಬಕೆಟ್ ಗಟ್ಟಲೆ ನೀರು ಬಂದರೆ ಅದನ್ನು ಬೆವರಿನ ತಲೆಗೆ ಕಟ್ಟುವಂತಿಲ್ಲ.

ಈಗ ಮುಚ್ಚಳದ ಲೆಕ್ಕ ನೋಡಿ. ಡೀಸೆಲ್ ಬಾಯಿ ಸಾಮಾನ್ಯವಾಗಿ ಡೆಕ್ ಮಟ್ಟದಲ್ಲೇ, ಕೆಲವೊಮ್ಮೆ ತುಸು ತಗ್ಗಿನಲ್ಲಿ ಇರುತ್ತದೆ. ಅದರ ಸುತ್ತಳತೆಯೊಳಗಿನ ಜಾಗ ಬರೀ ಹತ್ತು ಸೆಂಟಿಮೀಟರ್ ಅಗಲದ ವೃತ್ತ ಎಂದುಕೊಳ್ಳೋಣ. ಕರಾವಳಿಯಲ್ಲಿ ಜೂನ್, ಜುಲೈ ಎರಡೂ ಸೇರಿ 2,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತದೆ. ಆ ಪುಟ್ಟ ವೃತ್ತದ ಮೇಲೆ ನೇರವಾಗಿ ಬೀಳುವ ನೀರೇ 15 ಲೀಟರಿಗೂ ಮೇಲೆ. ಡೆಕ್ ಮೇಲೆ ಹರಿದುಬಂದು ಅಲ್ಲಿ ನಿಲ್ಲುವ ನೀರು ಬೇರೆ. ಮುಚ್ಚಳದ ರಬ್ಬರ್ ರಿಂಗು ಸೋತು ಹತ್ತರಲ್ಲಿ ಒಂದು ಪಾಲು ಒಳಗಿಳಿದರೂ ಒಂದೂವರೆ ಲೀಟರ್. ರಿಂಗೇ ಇಲ್ಲದಿದ್ದರೆ ಕೇಳುವುದೇ ಬೇಡ.

ಆ ರಿಂಗನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದರೆ ಅರ್ಧ ಕಥೆ ತಿಳಿಯುತ್ತದೆ. ಬಿಸಿಲು, ಉಪ್ಪು, ಡೀಸೆಲ್ ಮೂರೂ ಸೇರಿ ರಬ್ಬರನ್ನು ಗಟ್ಟಿ ಮಾಡಿರುತ್ತವೆ. ದುಂಡಗಿದ್ದದ್ದು ಚಪ್ಪಟೆಯಾಗಿರುತ್ತದೆ, ಬಗ್ಗಿಸಿದರೆ ಸಣ್ಣ ಬಿರುಕುಗಳು ಬಾಯಿಬಿಡುತ್ತವೆ. ಮುಚ್ಚಳದ ಮರೆಯಲ್ಲಿ ಹಳೆಯ ಬಣ್ಣದ ಚೂರು, ಮರಳು, ಒಣಗಿದ ಮೀನಿನ ಹುರುಪೆ ಸಿಕ್ಕಿಕೊಂಡಿರುತ್ತವೆ. ಹಾಗಾಗಿ ಎಷ್ಟು ತಿರುಗಿಸಿದರೂ ಪೂರ್ತಿ ಕೂರುವುದಿಲ್ಲ. ದೊಡ್ಡ ಹಡಗುಗಳಲ್ಲಿ ಸರಕು ಕೋಣೆಯ ಮುಚ್ಚಳ ಪರೀಕ್ಷಿಸಲು ಒಂದು ಹಳೆಯ ಪದ್ಧತಿ ಇದೆ. ಅದನ್ನು ಇಲ್ಲಿಯೂ ಮಾಡಬಹುದು. ಬಾಯಿಯ ಅಂಚಿಗೆ ಸುತ್ತಲೂ ಸೀಮೆಸುಣ್ಣ ಉಜ್ಜಿ, ಮುಚ್ಚಳ ಹಾಕಿ ಬಿಗಿ ಮಾಡಿ ತೆಗೆಯುವುದು. ರಬ್ಬರ್ ಮೇಲೆ ಬಿಳಿ ಗೆರೆ ಸುತ್ತಲೂ ಮುರಿಯದೆ ಬಂದಿದ್ದರೆ ಸರಿ. ಎಲ್ಲಿ ಗೆರೆ ತಪ್ಪಿದೆಯೋ ಅಲ್ಲೇ ನೀರಿನ ದಾರಿ. ಎರಡು ನಿಮಿಷದ ಕೆಲಸ ಇದು.

ಏರ್ ಪೈಪಿನದು ಬೇರೆ ಬಗೆಯ ತೊಂದರೆ. ಮುಚ್ಚಳ ಮಳೆನೀರು ಬಿಟ್ಟುಕೊಂಡರೆ ಇದು ಕಡಲ ನೀರು ಬಿಟ್ಟುಕೊಳ್ಳುತ್ತದೆ. ಪೈಪು ಎತ್ತರಕ್ಕೆ ಹೋಗಿ, ತುದಿ ಕೊಕ್ಕೆಯ ಹಾಗೆ ಬಾಗಿ ಕೆಳಮುಖವಾಗಿರಬೇಕು. ಎಷ್ಟೋ ಬೋಟುಗಳಲ್ಲಿ ಬಲೆಗೆ ಅಡ್ಡವಾಗುತ್ತದೆಂದು ಅದನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ಪಕ್ಕಕ್ಕೆ ತಿರುಗಿಸಿರುತ್ತಾರೆ. ಅಲೆ ಡೆಕ್ ಮೇಲೆ ಬಿದ್ದಾಗಲೆಲ್ಲ ಅದಕ್ಕೆ ಒಂದು ಗುಟುಕು. ರಜೆಯಲ್ಲಿ ಪೈಪಿನ ಬಾಯಿಗೆ ಬಟ್ಟೆ ತುರುಕಿ ಮುಚ್ಚಿಬಿಡುವವರೂ ಇದ್ದಾರೆ. ಅದನ್ನು ತೆಗೆಯಲು ಮರೆತರೆ ಡೀಸೆಲ್ ತುಂಬಿಸುವಾಗ ಗಾಳಿಗೆ ಹೊರದಾರಿ ಇರುವುದಿಲ್ಲ. ಎಂಜಿನ್ ಓಡುವಾಗ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಡೀಸೆಲ್ಲೇ ಬಾರದೆ ನಿಲ್ಲಬಹುದು. ಮೇಲೊಂದು ಟೋಪಿಯ ಹಾಗೆ ಸಡಿಲವಾಗಿ ಹೊದಿಸಿದರೆ ಸಾಕು.

ಬಂದ ನೀರು ಮಳೆಯದೋ ಕಡಲಿನದೋ ಎಂದು ತಿಳಿಯಲು ಯಾವ ಲ್ಯಾಬೂ ಬೇಡ. ಟ್ಯಾಂಕಿನ ತಳದಿಂದ ತೆಗೆದದ್ದನ್ನು ಗಾಜಿನ ಬಾಟಲಿಯಲ್ಲಿ ತೆಳಿಯಲು ಬಿಟ್ಟು, ಕೆಳಗಿನ ನೀರನ್ನು ಮಾತ್ರ ಒಂದೆರಡು ಚಮಚ ಸ್ಟೀಲ್ ತಟ್ಟೆಗೆ ಹಾಕಿ ಬಿಸಿಲಿಗೆ ಇಡಿ. ಆರಿದ ಮೇಲೆ ಬಿಳಿಯ ಉಪ್ಪು ಉಳಿದರೆ ಏರ್ ಪೈಪನ್ನು ನೋಡಿ. ಏನೂ ಉಳಿಯದಿದ್ದರೆ ಮುಚ್ಚಳವನ್ನು ನೋಡಿ. ಬೆಂಕಿಯ ಮೇಲಿಟ್ಟು ಆರಿಸಲು ಹೋಗಬೇಡಿ, ಅದರಲ್ಲಿ ಡೀಸೆಲ್ ಇದ್ದೇ ಇರುತ್ತದೆ.

ಬಂಕಿನ ವಿಷಯಕ್ಕೆ ಬರೋಣ. ನಮ್ಮಲ್ಲಿ ಮಾರುವ ಬಿಎಸ್-6 ಡೀಸೆಲ್‌ನಲ್ಲಿ ಕಿಲೋಗೆ 200 ಮಿಲಿಗ್ರಾಂವರೆಗೆ ನೀರಿರಲು ಮಾನಕದಲ್ಲೇ ಅವಕಾಶ ಇದೆ. 5,000 ಲೀಟರ್ ತುಂಬಿಸಿಕೊಂಡ ಬೋಟಿಗೆ ಇದು ಹೆಚ್ಚೆಂದರೆ 800 ಗ್ರಾಂ ಚಿಲ್ಲರೆ. ಅದೆಲ್ಲ ತಳಕ್ಕಿಳಿಯುವುದಿಲ್ಲ, ಒಂದು ಪಾಲು ಕರಗಿಯೇ ಇದ್ದು ಎಂಜಿನ್‌ನಲ್ಲಿ ಉರಿದುಹೋಗುತ್ತದೆ. ಆದರೆ ಪಂಪಿನಿಂದ ಮಿಕ್ಕು ಬಿಸಿಯಾಗಿ ಟ್ಯಾಂಕಿಗೆ ಮರಳುವ ಡೀಸೆಲ್ ರಾತ್ರಿ ತಣಿದಾಗ ಸ್ವಲ್ಪ ನೀರನ್ನು ಬಿಟ್ಟುಕೊಡುತ್ತದೆ. ಅಂದರೆ ಬಂಕಿನವರು ಪ್ರಾಮಾಣಿಕರಾಗಿದ್ದರೂ ಪ್ರತಿ ಟ್ರಿಪ್ಪಿಗೂ ಒಂದಿಷ್ಟು ನೀರು ಬಂದೇ ಬರುತ್ತದೆ. ಅದಕ್ಕೆ ಮೀರಿ ಅನುಮಾನವಿದ್ದರೆ ಬಂಕಿನ ನೆಲದಡಿಯ ಟ್ಯಾಂಕಿಗೆ ಇಳಿಸುವ ಅಳತೆ ಕೋಲಿನ ತುದಿಗೆ ವಾಟರ್ ಪೇಸ್ಟ್ ಹಚ್ಚಿ ತೋರಿಸಲು ಕೇಳಬಹುದು. ನೀರು ತಗುಲಿದಷ್ಟು ಎತ್ತರಕ್ಕೆ ಪೇಸ್ಟಿನ ಬಣ್ಣ ಬದಲಾಗುತ್ತದೆ. ಅದೇ ಪೇಸ್ಟನ್ನು ಬೋಟಿನ ಟ್ಯಾಂಕಿಗೂ ಬಳಸಬಹುದು. ತುಂಬಿಸುವ ಮುನ್ನ ಪೈಪಿನಿಂದ ಒಂದು ಬಾಟಲಿ ಹಿಡಿದಿಟ್ಟುಕೊಂಡರೆ ಮುಂದೆ ಜಗಳವಾದಾಗ ಕೈಯಲ್ಲಿ ಸಾಕ್ಷಿ ಇರುತ್ತದೆ.

ಬ್ಯಾರೆಲ್‌ಗಳ ಬಗ್ಗೆ ಒಂದು ಮಾತು. ನೆಟ್ಟಗೆ ನಿಲ್ಲಿಸಿದ ಬ್ಯಾರೆಲಿನ ತಲೆಯ ಮೇಲೆ ಮಳೆನೀರು ಕೆರೆಯಾಗಿ ನಿಲ್ಲುತ್ತದೆ. ಒಳಗಿನ ಗಾಳಿ ತಣಿದು ಕುಗ್ಗಿದಾಗ ಬಿರಡೆಯ ಮರೆಯ ಮೂಲಕ ಆ ನೀರನ್ನೇ ಒಳಗೆಳೆದುಕೊಳ್ಳುತ್ತದೆ. ಬ್ಯಾರೆಲನ್ನು ಅಡ್ಡ ಮಲಗಿಸಿ, ಎರಡೂ ಬಿರಡೆಗಳು ಡೀಸೆಲ್ ಮಟ್ಟದ ಕೆಳಗೆ ಬರುವಂತೆ ಇಟ್ಟರೆ ಈ ಕಾಟ ಇಲ್ಲ.

ನೀರು ಎಂಜಿನ್‌ಗೆ ಮಾಡುವ ಹಾನಿ ಬರೀ ‘ನಿಂತುಹೋಗುವುದು’ ಅಲ್ಲ. ಡೀಸೆಲ್ ಪಂಪು ಮತ್ತು ನಾಜಲ್‌ಗಳ ಒಳಗೆ ಜಾರುವ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ಅಲ್ಲಿ ಬೇರೆ ಎಣ್ಣೆ ಇಲ್ಲ, ಡೀಸೆಲ್ಲೇ ಕೀಲೆಣ್ಣೆ. ನೀರು ಬಂದರೆ ಆ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಎಂಜಿನ್ ನಿಲ್ಲಿಸಿ ಬಿಟ್ಟರೆ ರಾತ್ರೋರಾತ್ರಿ ತುಕ್ಕು. ಬಿಸಿ ನಾಜಲಿನ ತುದಿಯಲ್ಲಿ ನೀರು ಒಮ್ಮೆಲೇ ಆವಿಯಾದರೆ ತುದಿಯೇ ಸಿಡಿದು ಹೋಗಬಹುದು. ಹಳೆಯ ಪಂಪಿನ ಎಂಜಿನ್‌ಗಳು ಇದನ್ನೆಲ್ಲ ಸ್ವಲ್ಪ ತಾಳಿಕೊಳ್ಳುತ್ತಿದ್ದವು. 1,600 ಬಾರ್‌ಗೂ ಮೀರಿದ ಒತ್ತಡದಲ್ಲಿ ಓಡುವ ಈಗಿನ ಕಾಮನ್ ರೈಲ್ ಎಂಜಿನ್‌ಗಳಿಗೆ ಆ ತಾಳ್ಮೆ ಇಲ್ಲ. ಪಂಪು, ನಾಜಲ್ ರಿಪೇರಿಯ ಬಿಲ್ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಟ್ಯಾಂಕಿನಲ್ಲಿ ನೀರು ವಾರಗಟ್ಟಲೆ ನಿಂತರೆ ಅಲ್ಲಿ ಜೀವ ಹುಟ್ಟುತ್ತದೆ. ಡೀಸೆಲ್ ಮತ್ತು ನೀರು ಸೇರುವ ಗೆರೆಯಲ್ಲಿ ಬೆಳೆಯುವ ಬೂಸ್ಟುಗಳಲ್ಲಿ ಹೆಸರಾದದ್ದು ಹಾರ್ಮೊಕಾನಿಸ್ ರೆಸಿನೇ. ವಿಮಾನದ ಟ್ಯಾಂಕುಗಳಲ್ಲಿ ಕಾಣಿಸಿಕೊಂಡು ‘ಸೀಮೆಎಣ್ಣೆ ಬೂಸ್ಟು’ ಎಂದೇ ಹೆಸರು ಪಡೆದ ಜೀವಿ ಇದು. ಊಟಕ್ಕೆ ಡೀಸೆಲ್, ವಾಸಕ್ಕೆ ನೀರು. ನೆನೆಸಿಟ್ಟ ಕಾಮಕಸ್ತೂರಿ ಬೀಜದ ಮೇಲಿನ ಲೋಳೆಯಂಥದ್ದೇ ಕಪ್ಪು ಕಂದು ಲೋಳೆಯಾಗಿ ಹರಡಿ, ಹರಿದು ಬಂದು ಫಿಲ್ಟರಿಗೆ ಮೆತ್ತಿಕೊಳ್ಳುತ್ತದೆ. ಹೊಸ ಫಿಲ್ಟರ್ ಹಾಕಿದ ಕೆಲವೇ ಗಂಟೆಗಳಲ್ಲಿ ಮತ್ತೆ ಕಟ್ಟಿಕೊಂಡರೆ ಇದರ ಮೇಲೆಯೇ ಅನುಮಾನ ಪಡಬೇಕು. ಕಡಲ ನೀರಾದರೆ ಇನ್ನೂ ಕೆಟ್ಟದ್ದು. ಅದರಲ್ಲಿರುವ ಸಲ್ಫೇಟನ್ನು ಬಳಸಿ ಬದುಕುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಟ್ಯಾಂಕಿನ ಬಾಯಿ ತೆರೆದಾಗ ಕೊಳೆತ ಮೊಟ್ಟೆಯ ನಾತ ಬರುವುದು, ಕಬ್ಬಿಣದ ತಳದಲ್ಲಿ ಕಪ್ಪು ಕಿಟ್ಟ ಕಟ್ಟಿ ಗುಳಿ ಬೀಳುವುದು ಇದರಿಂದಲೇ.

ವಿಮಾನದವರು ಈ ನೀರನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಎಂಬುದಕ್ಕೆ ಒಂದು ಘಟನೆ ಸಾಕು. 2008ರ ಜನವರಿ 17ರಂದು ಬೀಜಿಂಗ್‌ನಿಂದ ಲಂಡನ್ನಿನ ಹೀಥ್ರೂಗೆ ಬರುತ್ತಿದ್ದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777 ವಿಮಾನದ ಎರಡೂ ಎಂಜಿನ್‌ಗಳು ಇಳಿಯುವ ಹೊತ್ತಿಗೆ ಬಲ ಕಳೆದುಕೊಂಡವು. ವಿಮಾನ ರನ್‌ವೇ ಮುಟ್ಟುವ ಮುಂಚೆಯೇ ಹುಲ್ಲಿನ ಮೇಲೆ ಅಪ್ಪಳಿಸಿತು. ಒಳಗಿದ್ದ 152 ಜನರೂ ಬದುಕುಳಿದರು. ಇಂಧನದಲ್ಲಿ ಸಹಜವಾಗಿ ಇರುವಷ್ಟೇ ಇದ್ದ ನೀರು ಮಂಜುಗಡ್ಡೆಯಾಗಿ ದಾರಿ ಕಟ್ಟಿತ್ತು ಎಂದು ತನಿಖೆ ಹೇಳಿತು. ಇಂಧನ ಮಾನಕಕ್ಕೆ ತಕ್ಕಂತೆಯೇ ಇತ್ತು. ಸಣ್ಣ ವಿಮಾನಗಳ ಪೈಲಟ್‌ಗಳು ದಿನದ ಮೊದಲ ಹಾರಾಟಕ್ಕೆ ಮುನ್ನ ಟ್ಯಾಂಕಿನ ತಳದಿಂದ ಒಂದಿಷ್ಟು ಇಂಧನ ಪಾರದರ್ಶಕ ಲೋಟಕ್ಕೆ ಹಿಡಿದು ನೋಡುವುದು ಹೊಸದೇನಲ್ಲ, ಕಡ್ಡಾಯ ಅಭ್ಯಾಸ. ನಮ್ಮ ಬೋಟುಗಳಿಗೆ ಮಂಜುಗಡ್ಡೆಯ ಭಯವಿಲ್ಲ. ಆ ಲೋಟದ ಅಭ್ಯಾಸ ಮಾತ್ರ ಬರಬೇಕು.

ಟ್ಯಾಂಕಿನ ನೀರನ್ನು ಹೊರಗೆ ತೆಗೆಯುವ ಕೆಲಸದಲ್ಲಿ ಮುಖ್ಯವಾದದ್ದು ಸಮಯ. ಡೀಸೆಲ್‌ನಲ್ಲಿ 100 ಮೈಕ್ರಾನ್ ಗಾತ್ರದ ನೀರಿನ ಹನಿ ಒಂದು ಮೀಟರ್ ಕೆಳಗಿಳಿಯಲು ಒಂದು ಗಂಟೆಯೊಳಗೆ ಸಾಕು. 10 ಮೈಕ್ರಾನ್ ಹನಿಗೆ ಮೂರೂವರೆ ದಿನ ಬೇಕು, ಏಕೆಂದರೆ ಗಾತ್ರ ಹತ್ತು ಪಟ್ಟು ಕುಗ್ಗಿದರೆ ಇಳಿಯುವ ವೇಗ ನೂರು ಪಟ್ಟು ಕುಗ್ಗುತ್ತದೆ. ಪಂಪಿನಲ್ಲಿ ಸಿಕ್ಕಿ ನುಣ್ಣಗೆ ಒಡೆದ ನೀರು ಡೀಸೆಲನ್ನು ಮಬ್ಬಾಗಿಸುವುದು ಇಂಥ ಸಣ್ಣ ಹನಿಗಳಿಂದಲೇ. ಆದ್ದರಿಂದ ಬೋಟು ಬಂದ ಕೂಡಲೇ ತಳದ ಕಾಕ್ ತೆರೆಯುವುದಕ್ಕಿಂತ ಒಂದೆರಡು ದಿನ ಅಲ್ಲಾಡದೆ ಬಿಟ್ಟು ತೆರೆಯುವುದು ಮೇಲು. ಮೊದಲು ನೀರು, ಆಮೇಲೆ ಕೆಸರು, ಆಮೇಲೆ ಮಬ್ಬು ಡೀಸೆಲ್, ಕೊನೆಗೆ ತಿಳಿ. ತಿಳಿ ಬರುವತನಕ ಬಿಡಬೇಕು, ನಡುವೆ ನಿಲ್ಲಿಸಿದರೆ ಕೆಲಸ ಅರ್ಧವೇ. ಕಾಕ್ ಇಲ್ಲದ ಟ್ಯಾಂಕಿಗೆ ಕೈಪಂಪಿನ ಪೈಪನ್ನು ತಳ ಮುಟ್ಟುವಂತೆ ಇಳಿಸಿ ಎಳೆಯಬೇಕು. ಬೋಟಿನ ಹಿಂಭಾಗ ತಗ್ಗಿರುತ್ತದಾದ್ದರಿಂದ ನೀರು ಸೇರುವುದು ಟ್ಯಾಂಕಿನ ಹಿಂದಿನ ಮೂಲೆಯಲ್ಲಿ. ಪೈಪು ಅಲ್ಲಿಗೇ ಹೋಗಬೇಕು. ಆಮೇಲೆ ಫಿಲ್ಟರ್ ಬದಲಿಸಿ, ಲೈನಿನ ಏರ್ ತೆಗೆದು ಎಂಜಿನ್ ಚಾಲೂ ಮಾಡುವುದು ಎಲ್ಲ ಡ್ರೈವರುಗಳಿಗೂ ಗೊತ್ತಿರುವ ಕೆಲಸ. ತಳದಲ್ಲಿ ಗಾಜಿನ ಬಟ್ಟಲಿರುವ ವಾಟರ್ ಸೆಪರೇಟರ್ ಇದ್ದರೆ ದಿನಕ್ಕೊಮ್ಮೆ ಕಣ್ಣು ಹಾಯಿಸಿದರೆ ಸಾಕು. ಆದರೆ ಅದು ಕಾವಲುಗಾರ ಮಾತ್ರ. 20 ಲೀಟರ್ ನೀರಿಗೆ ಲೋಟದಷ್ಟು ಬಟ್ಟಲು ಏನು ಮಾಡೀತು?

ಟ್ಯಾಂಕಿನೊಳಗೆ ಇಳಿದು ಕೆರೆದು ತೊಳೆಯುವ ವಿಚಾರದಲ್ಲಿ ಮಾತ್ರ ಹುಡುಗಾಟ ಬೇಡ. ಮುಚ್ಚಿದ ಕಬ್ಬಿಣದ ಟ್ಯಾಂಕಿನಲ್ಲಿ ತುಕ್ಕು ಹಿಡಿಯುವಾಗ ಆಮ್ಲಜನಕ ಖರ್ಚಾಗಿರುತ್ತದೆ. ಮೇಲೆ ಹೇಳಿದ ಹೈಡ್ರೋಜನ್ ಸಲ್ಫೈಡ್ ಬೇರೆ ಇರಬಹುದು, ಅದು ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತೆ ಮಾಡುತ್ತದೆ. ಒಳಗಿಳಿದ ಕಲಾಸಿ ಕುಸಿದರೆ ಎತ್ತಲು ಹೋದ ಇನ್ನೊಬ್ಬನೂ ಕುಸಿಯುತ್ತಾನೆ. ಗಾಳಿ ಊದಿಸದೆ, ಹಗ್ಗ ಕಟ್ಟದೆ, ಮೇಲೆ ಒಬ್ಬರು ನಿಲ್ಲದೆ ಇಳಿಯಲೇಬಾರದು. ಖಾಲಿ ಮಾಡಿದ ಟ್ಯಾಂಕಿಗೆ ಹಾಗೇ ವೆಲ್ಡಿಂಗ್ ಹಚ್ಚುವುದೂ ಅಷ್ಟೇ ಅಪಾಯ. ನಮ್ಮ ಸಾಮಾನ್ಯ ಡೀಸೆಲ್‌ನ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆಗೆ ಮಾನಕ ಇಟ್ಟಿರುವ ಕನಿಷ್ಠ ಮಿತಿ 35 ಡಿಗ್ರಿ ಸೆಲ್ಸಿಯಸ್. ಬೋಟಿನ ಎಂಜಿನ್ ರೂಮು ಅದಕ್ಕಿಂತ ಬಿಸಿ ಇರುತ್ತದೆ.

ಮಾರುಕಟ್ಟೆಯ ‘ನೀರು ತೆಗೆಯುವ’ ಔಷಧಿಗಳ ಬಗ್ಗೆ ನನಗೆ ಹೆಚ್ಚು ಗೌರವ ಇಲ್ಲ. ಅವುಗಳಲ್ಲಿ ಒಂದು ಜಾತಿ ನೀರನ್ನು ಸಣ್ಣ ಹನಿಗಳಾಗಿ ಡೀಸೆಲ್‌ಗೆ ಬೆರೆಸಿ ಎಂಜಿನ್ ಮೂಲಕ ಸಾಗಿಸುತ್ತದೆ. ಹಾಗೆ ಬೆರೆತ ನೀರನ್ನು ಸೆಪರೇಟರ್ ಹಿಡಿಯಲಾರದು, ನೇರ ನಾಜಲಿಗೇ ಹೋಗುತ್ತದೆ. ಸ್ಪಿರಿಟ್ ಸುರಿಯುವ ಹಳೆಯ ಉಪಾಯವೂ ಇದೇ ದಾರಿಯದು. ಚಮಚದಷ್ಟು ನೀರಿಗೆ ನಡೆದೀತು, ಲೀಟರ್‌ಗಟ್ಟಲೆ ನೀರಿಗೆ ಅಲ್ಲ. ಬೂಸ್ಟು ಕೊಲ್ಲುವ ಬಯೋಸೈಡ್ ಕೆಲಸ ಮಾಡುತ್ತದೆ ನಿಜ. ಆದರೆ ಸತ್ತ ಬೂಸ್ಟು ಎಲ್ಲಿಗೂ ಹೋಗುವುದಿಲ್ಲ, ಫಿಲ್ಟರಿಗೇ ಬರುತ್ತದೆ. ನೀರು ತೆಗೆಯದೆ ಬಯೋಸೈಡ್ ಹಾಕಿದರೆ ಮೂರು ತಿಂಗಳಲ್ಲಿ ಮತ್ತೆ ಅದೇ ಕಥೆ. ಅದು ವಿಷ, ಕೈಗವಸು ಹಾಕದೆ ಮುಟ್ಟಬೇಡಿ.

ಪೆಟ್ರೋಲ್ ಔಟ್‌ಬೋರ್ಡ್ ಹಾಕಿಕೊಂಡ ನಾಡದೋಣಿಯವರಿಗೆ ಬೇರೆ ಎಚ್ಚರಿಕೆ ಬೇಕು. ಈಗಿನ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಇದೆ. ಅದು ಮೊದಮೊದಲು ನೀರನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ, ಮಿತಿ ಮೀರಿದಾಗ ಎಥೆನಾಲ್ ನೀರಿನ ಜೊತೆಗೂಡಿ ತಳಕ್ಕಿಳಿಯುತ್ತದೆ. ಆಗ ನೀರನ್ನು ಬಸಿದರೂ ಮೇಲುಳಿದ ಪೆಟ್ರೋಲ್ ಮೊದಲಿನದ್ದಾಗಿರುವುದಿಲ್ಲ. ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟು ಬಳಸುವ ರೂಢಿಯನ್ನು ಬಿಡುವುದೇ ಇದಕ್ಕೆ ಮದ್ದು.

ರಜೆಯಲ್ಲಿ ಟ್ಯಾಂಕು ತುಂಬಿಸಿಡಬೇಕೇ ಎಂಬ ಪ್ರಶ್ನೆ ಪ್ರತಿ ಮೇ ತಿಂಗಳಲ್ಲಿ ಏಳುತ್ತದೆ. ಪುಸ್ತಕದ ಉತ್ತರ ‘ಹೌದು’. ಆದರೆ ಸಾವಿರಾರು ಲೀಟರ್ ಡೀಸೆಲ್‌ನ ದುಡ್ಡನ್ನು ಎರಡು ತಿಂಗಳು ಸುಮ್ಮನೆ ಕೂರಿಸುವ ಶಕ್ತಿ ಎಷ್ಟು ಮಾಲೀಕರಿಗಿದೆ? ಕಳವಿನ ಭಯ ಬೇರೆ. ತುಂಬಿಸಲಾಗದಿದ್ದರೆ ಅಳುಕಬೇಕಿಲ್ಲ. ಬೆವರಿನ ಪಾಲು ಎಷ್ಟೆಂದು ಮೇಲೆ ನೋಡಿದ್ದೇವೆ. ಮುಚ್ಚಳ ಬಿಗಿ ಇರುವ ಅರ್ಧ ಟ್ಯಾಂಕು, ಮುಚ್ಚಳ ಸೋರುವ ತುಂಬಿದ ಟ್ಯಾಂಕಿಗಿಂತ ಒಳ್ಳೆಯದು.

ಬಸಿದು ತೆಗೆದ ಎಣ್ಣೆನೀರನ್ನು ರಾತ್ರಿ ಹೊತ್ತಲ್ಲಿ ಬಂದರಿಗೇ ಸುರಿಯುವುದನ್ನು ದಯವಿಟ್ಟು ಬಿಡಿ. ಬ್ಯಾರೆಲಿನಲ್ಲಿ ಹಿಡಿದಿಟ್ಟು ತೆಳಿಯಲು ಬಿಟ್ಟರೆ ಮೇಲಿನ ಎಣ್ಣೆ, ಕೆಳಗಿನ ಕೆಸರು ಬೇರೆಯಾಗುತ್ತವೆ. ಹಳೆ ಎಣ್ಣೆಯ ಕೆಸರು ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ, ಪರವಾನಗಿ ಇದ್ದವರಿಗೇ ಅದನ್ನು ಕೊಡಬೇಕು. ಬಂದರಿನಲ್ಲೇ ಅದಕ್ಕೊಂದು ಸಂಗ್ರಹ ಟ್ಯಾಂಕು ಕೇಳುವುದು ಮೀನುಗಾರರ ಸಂಘಗಳು ಮಾಡಬಹುದಾದ ಕೆಲಸ.

ಹೊಸ ಬೋಟು ಕಟ್ಟಿಸುವವರಿಗೆ, ಹಳೆ ಟ್ಯಾಂಕು ಬದಲಿಸುವವರಿಗೆ ಒಂದು ಕೋರಿಕೆ. ಯಾರ್ಡಿನವರು ತಟ್ಟೆಯಂತೆ ಸಪಾಟಾದ ತಳ ಹಾಕಿಕೊಡುತ್ತೇನೆಂದರೆ ಒಪ್ಪಬೇಡಿ. ಹಿಂದಿನ ಮೂಲೆಗೆ ಇಳಿಜಾರು, ಅಲ್ಲೊಂದು ಅಂಗೈಯಷ್ಟು ಗುಂಡಿ, ಗುಂಡಿಗೆ ಕೈಗೆಟಕುವ ಕಾಕ್, ಮೇಲೆ ಕೈ ಹೋಗುವಷ್ಟು ಅಗಲದ ತಪಾಸಣೆ ಬಾಯಿ, ಡೆಕ್‌ಗಿಂತ ಒಂದು ಗೇಣು ಎತ್ತರದ ಡೀಸೆಲ್ ಬಾಯಿ ಇವಿಷ್ಟನ್ನು ಪ್ಲೇಟ್ ಕತ್ತರಿಸುವ ಮೊದಲೇ ಬರೆಸಿಕೊಳ್ಳಿ. ಹಳೆ ಬೋಟಿನವರು ಮೇ 31ರೊಳಗೆ ಮುಚ್ಚಳದ ರಬ್ಬರ್ ರಿಂಗು ಬದಲಿಸಿ.